ದವಡೆ ಹಲ್ಲಿನ ಸುಳ್ಳು ಸಾಕ್ಷಿ

ಬಂದರು ಕ್ವಾರ್ಟರ್ಸ್,
ಮೇ ೯, ಬೆಳಿಗ್ಗೆ

ಪ್ರೀತಿಯ ಪುಟ್ಟಾ,

ಮೀಸೆ ನರೆತ ಹಡಗಿನ ಎಂಜಿನಿಯರ್ ಆದರೂ ನನಗೆ ನೀನು ಪುಟ್ಟನೇ, ಮುಖ ಸಿಂಡರಿಸಬೇಡ. ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಎದ್ದ ಬೆವರುಸಾಲೆ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ನಿನ್ನ ಭಾವ ಚೆನ್ನಾಗಿದ್ದಾರೆ. ಆರು ತಿಂಗಳು ನನ್ನನ್ನು ಗಾಜಿನ ಲೋಟದ ಹಾಗೆ ಕಾಪಾಡಿ ಅವರೇ ಸೊರಗಿದ್ದಾರೆ.

ಇನ್ನು ನನ್ನ ಎದೆಯ ಸುದ್ದಿ. ಬಡಿತ ತಾಳ ತಪ್ಪುತ್ತದೆಂದು ತೊಡೆಯ ರಕ್ತನಾಳದಿಂದ ತಂತಿ ತೂರಿಸಿ, ಹೃದಯದಲ್ಲಿ ಕಿತಾಪತಿ ಮಾಡುವ ಜಾಗಗಳನ್ನು ಸುಟ್ಟರಲ್ಲ, ಅದಾಗಿ ಮೂರು ತಿಂಗಳಿಗೆ ರಕ್ತ ತೆಗೆದರು. ಕಾಯಿಲೆ ಮರುಕಳಿಸುತ್ತದೆಯೇ ಎಂಬುದನ್ನು ರಕ್ತದ ಕೆಲವು ಅಂಶಗಳಿಂದ ಮೊದಲೇ ಊಹಿಸಬಹುದೇ ಎಂದು ಆಸ್ಪತ್ರೆಯವರು ಅಧ್ಯಯನ ನಡೆಸುತ್ತಿದ್ದಾರೆ. ನಾನೂ ಹೆಸರು ಕೊಟ್ಟಿದ್ದೆ. ಎರಡು ಅಂಶ ಸರಿಯಿದ್ದವು. ಮೂರನೆಯದು, ಮೈಯಲ್ಲಿ ಎಲ್ಲಾದರೂ ಉರಿಯೂತವಿದ್ದರೆ ಹೆಚ್ಚುವಂಥದ್ದು, ವಿಪರೀತ ಏರಿತ್ತು. ಆಸ್ಪತ್ರೆಯ ಡಾಕ್ಟರಮ್ಮ ‘ಇದು ಬರೀ ಸುಳಿವು, ತೀರ್ಪಲ್ಲ’ ಎಂದರು. ಬಂದರಿನ ವೈದ್ಯರು ಮಾತ್ರ ‘ಕ್ರೇನ್ ಹತ್ತುವಂತಿಲ್ಲ’ ಎಂದು ಕಡತದಲ್ಲಿ ಗೀಚಿಯೇಬಿಟ್ಟರು. ಇಪ್ಪತ್ತೆರಡು ವರ್ಷ ಮೇಲೆ ಕೂತು ಕಂಟೇನರ್ ಇಳಿಸಿದವಳನ್ನು ಕೆಳಗೆ ಗೇಟ್ ಪಾಸ್ ಬರೆಯಲು ಕೂರಿಸಿದರು. ಒಂದಲ್ಲ ಒಂದು ದಿನ ನಿನ್ನ ಹಡಗಿನ ಸರಕು ನಾನೇ ಇಳಿಸುತ್ತೇನೆಂದು ಕೊಚ್ಚಿಕೊಳ್ಳುತ್ತಿದ್ದೆನಲ್ಲ, ಆ ಆಸೆಯೂ ಮಣ್ಣುಪಾಲಾಯಿತೆಂದು ಅತ್ತಿದ್ದೇನೆ ಪುಟ್ಟಾ, ಸುಳ್ಳೇಕೆ ಹೇಳಲಿ.

ಎಡವಟ್ಟು ಮಾಡಿದವಳು ನಾನೇ. ದವಡೆ ಹಲ್ಲೊಂದು ಕೀವುಗಟ್ಟಿ ತಿಂಗಳಿಂದ ಸಿಡಿಯುತ್ತಿತ್ತು. ಅಷ್ಟೆತ್ತರಕ್ಕೆ ಹೆದರದವಳು ಹಲ್ಲು ಕೀಳುವ ಇಕ್ಕಳಕ್ಕೆ ಹೆದರುತ್ತೇನೆಂದು ಯಾರ ಮುಂದೆ ಹೇಳಲಿ? ಅದೂ ಅಲ್ಲದೆ ನಮ್ಮ ಕ್ರೇನಿನವರ ಚಟ ನಿನಗೆ ಗೊತ್ತು. ತಲೆನೋವೆಂದರೂ ಕೆಳಗಿಳಿಸುತ್ತಾರೆಂಬ ಭಯಕ್ಕೆ, ತಪಾಸಣೆಯಲ್ಲಿ ಕೇಳಿದ್ದಕ್ಕೆಲ್ಲ ‘ಏನೂ ತೊಂದರೆ ಇಲ್ಲ’ ಎನ್ನುತ್ತೇವೆ. ಅಭ್ಯಾಸಬಲದಿಂದ ಆಸ್ಪತ್ರೆಯಲ್ಲೂ ಹಾಗೇ ಅಂದುಬಿಟ್ಟಿದ್ದೆ.

ಎರಡನೇ ಸಲ ರಕ್ತ ತೆಗೆಯಲು ಬಂದ ನರ್ಸ್ ಸೂಜಿ ಹಿಡಿದವಳು ಹಾಗೇ ನಿಂತಳು. ‘ಅಕ್ಕಾ, ಕೆನ್ನೆ ಯಾಕೆ ಹೀಗೆ ಊದ್ಕೊಂಡಿದೆ? ಬಾಯ್ ತೆಗೀರಿ ನೋಡೋಣ’ ಅಂದಳು. ಬಾಯಿ ತೆರೆದೆ, ಬಣ್ಣ ಬಯಲಾಯಿತು. ನಿನ್ನ ಭಾವ ದರದರನೆ ಎಳೆದೊಯ್ದು ಹಲ್ಲು ಕೀಳಿಸಿದರು. ಆರು ವಾರ ಬಿಟ್ಟು ಪರೀಕ್ಷೆ ಮಾಡಿದರೆ ಆ ಮೂರನೆಯ ಅಂಕಿ ಇಳಿದಿತ್ತು, ಅದನ್ನು ಏರಿಸಿದ್ದು ಹೃದಯವಲ್ಲ, ಹಲ್ಲಿನ ಕೀವು! ಎರಡು ವಾರ ಎದೆಗೆ ಅಂಟಿಸಿಕೊಂಡಿದ್ದ ಯಂತ್ರದಲ್ಲೂ ಬಡಿತ ತಾಳ ತಪ್ಪಿದ ಗುರುತಿಲ್ಲ. ಡಾಕ್ಟರಮ್ಮ ನಗುತ್ತ, ‘ಇನ್ನು ನಿಮ್ಮನ್ನ ಕೆಳಗೆ ಕೂರ್ಸೋಕೆ ನನ್ ಹತ್ರ ಕಾರಣ ಇಲ್ಲ’ ಅಂದರು. ಗೆದ್ದೆ ಪುಟ್ಟಾ, ಗೆದ್ದೆ! ಬಂದರಿನ ವೈದ್ಯರೂ ರುಜು ಹಾಕಿದರು. ನಿನ್ನೆ ನೂರಾ ನಲವತ್ತು ಮೆಟ್ಟಿಲು ಹತ್ತಿದೆ. ಕೆಳಗಿದ್ದವರೆಲ್ಲ ಹೆಲ್ಮೆಟ್ ಬಡಿದು ಕೂಗಿದರು. ಹಲ್ಲಿದ್ದ ಜಾಗದಲ್ಲಿ ನಾಲಿಗೆ ಆಡಿಸುತ್ತ ಮೊದಲ ಕಂಟೇನರ್ ಎತ್ತಿ, ಸದ್ದಾಗದ ಹಾಗೆ ಲಾರಿಯ ಮೇಲಿಟ್ಟೆ.

ಹುಷಾರಾಗಿರು. ನೀನು ಹೋಗುವ ದಾರಿಯಲ್ಲೆಲ್ಲ ಸಮುದ್ರ ತಣ್ಣಗಿರಲಿ. ಭಾವ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು.

ಒಂದು ಹಲ್ಲು ಕಡಿಮೆಯಾದ
ನಿನ್ನ ಅಕ್ಕ

ಲಕೋಟೆ ಅಂಟಿಸುವ ಹೊತ್ತಿಗೆ ಪಾಳಿಯ ಪಟ್ಟಿ ಬಂತು! ಹದಿನೆಂಟನೇ ತಾರೀಕು ಬೆಳಿಗ್ಗೆ ನಮ್ಮ ಬಂದರಿನ ಮೂರನೇ ಬರ್ತ್‌ನ ಕಟ್ಟೆಗೆ ನಿನ್ನ ಹಡಗು, ಕ್ರೇನ್ ಮೇಲೆ ನಾನು. ಎಂಜಿನ್ ಕೋಣೆಯಿಂದ ಹೊರಗೆ ಬಂದು ತಲೆಯೆತ್ತಿ ನೋಡು. ಎರಡೂ ಕೈ ಹಿಡಿಕೆಯ ಮೇಲಿರುತ್ತವೆ, ಬೀಸಲಾಗುವುದಿಲ್ಲ. ಹಾರ್ನ್ ಎರಡು ಸಲ ಹೊಡೆಯುತ್ತೇನೆ.