ಬಲಗೈಗೆ ಹಾಕುವ ಗ್ಲೌಸು

ಶಿರಸಿ
೧೪ ಅಕ್ಟೋಬರ್ ೨೦೨೫, ಮಂಗಳವಾರ

ಪ್ರೀತಿಯ ದಿವ್ಯಾ,

ಇಪ್ಪತ್ಮೂರು ದಿನದಿಂದ ನೀನು ಫೋನು ಎತ್ತುತ್ತಿಲ್ಲ. ಮೊದಲ ವಾರ ನಿಲ್ಕುಂದದಲ್ಲಿ ನೆಟ್‌ವರ್ಕ್ ಇಲ್ಲವೆಂದುಕೊಂಡೆ. ಆಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ. ಅದಕ್ಕೇ ಈ ಕಾಗದ. ನಿಮ್ಮೂರ ಬಸ್ಸಿನ ಕಂಡಕ್ಟರ್ ಆನಂದಣ್ಣನ ಕೈಯಲ್ಲಿ ಇದನ್ನೂ ಒಂದು ಚೀಲವನ್ನೂ ಕಳಿಸುತ್ತಿದ್ದೇನೆ. ಓದಿ ಮುಗಿಸುವ ತನಕ ಚೀಲ ಬಿಚ್ಚಬೇಡ ಎಂದು ಬರೆಯಬೇಕೆಂದಿದ್ದೆ. ನೀನು ಆಗಲೇ ಬಿಚ್ಚಿರುತ್ತೀಯ.

ಹೌದು, ನಮ್ಮ ಗ್ಲೌಸೇ.

ಸದಾಶಿವ ಸರ್ ಬೇಸ್‌ಬಾಲ್ ಕಲಿಸಲು ಶುರು ಮಾಡಿ, ಅದನ್ನು ಮೊದಲ ಸಲ ನಮ್ಮಿಬ್ಬರ ನಡುವೆ ಹುಲ್ಲಿನ ಮೇಲೆ ಇಟ್ಟ ದಿನ ನೆನಪಿದೆಯೇ? ಉಳಿದ ಹುಡುಗಿಯರಿಗೆ ಗೋಣಿಚೀಲದ ತುಂಬ ಗ್ಲೌಸು. ಎಡಗೈಯಿಂದ ಎಸೆಯುವವರು ಬಲಗೈಗೆ ಹಾಕಿಕೊಳ್ಳಬೇಕು, ಅಂಥದ್ದು ಮೂರು ತಾಲ್ಲೂಕಿಗೆ ಒಂದೇ ಇರೋದು, ಜಗಳಾಡದೆ ಹಂಚಿಕೊಳ್ಳಿ ಎಂದರು. ನಾನು ಹತ್ತು ಎಸೆದರೆ ನೀನು ಹಿಡಿಯುವುದು, ಆಮೇಲೆ ಗ್ಲೌಸು ಬಿಚ್ಚಿ ನನ್ನತ್ತ ಒಗೆಯುವುದು. ನಿನ್ನ ಬೆವರು ಆರುವ ಮೊದಲೇ ನನ್ನ ಕೈ ಒಳಗಿರುತ್ತಿತ್ತು. ಹೆಬ್ಬೆರಳಿನ ಹೊಲಿಗೆ ಬಿಟ್ಟಾಗ ನೀನು ದಬ್ಬಣದಿಂದ ಗೋಣಿದಾರ ಹಾಕಿದೆಯಲ್ಲ, ಅದು ಇನ್ನೂ ಗಟ್ಟಿಯಾಗಿದೆ.

ಭಾನುವಾರ ಯಲ್ಲಾಪುರದಲ್ಲಿ ಹುಬ್ಬಳ್ಳಿಯವರ ಜೊತೆ ಅಭ್ಯಾಸದ ಪಂದ್ಯ ಇತ್ತು. ನಮ್ಮ ಕೆಲಸವನ್ನು ನಿಮ್ಮಪ್ಪ ಮನೋಹರಣ್ಣನಿಗೆ ನೀನು ವಿವರಿಸಿದ್ದು ಅಲ್ಲಿ ಕುಳಿತಾಗ ನೆನಪಾಯಿತು. ಆಟ ಪೂರ್ತಿ ಬೇರೆಯವಳು ಎಸೆಯುತ್ತಾಳೆ, ಅವಳ ಕೈ ಸೋತಾಗ, ಎದುರು ತಂಡದಲ್ಲಿ ಎಡಗೈಯವಳು ಬ್ಯಾಟು ಹಿಡಿದು ನಿಂತಾಗ, ನಮ್ಮನ್ನು ಕರೆಯುತ್ತಾರೆ ಎಂದಿದ್ದೆ. ಅವರು ಎಲೆಯಡಿಕೆಯ ಕವಳ ಮೆಲ್ಲುತ್ತ, ಹಂಗಾರೆ ಉಳಿದ ಹೊತ್ತು ಸುಮ್ನೆ ಕೂತಿರದಾ, ಅದ್ಕೆ ಬಸ್ ಚಾರ್ಜು ಬೇರೆನಾ ಎಂದು ನಕ್ಕಿದ್ದರು. ನಾವೂ ನಕ್ಕಿದ್ದೆವು. ಒಬ್ಬಳೇ ಕೂತರೆ ಅದು ನಗುವ ಕೆಲಸವಲ್ಲ ದಿವ್ಯಾ. ಆರು ಇನಿಂಗ್ಸ್ ತಂತಿಬೇಲಿಯ ಪಕ್ಕ ಕೂತಿದ್ದೆ. ಕೈ ಬಿಸಿ ಮಾಡಿಕೊಳ್ಳಲು ಹೇಳಿದಾಗ ಎದುರಿಗೆ ನಿಂತು ಹಿಡಿಯುವವರಿಲ್ಲದೆ ಶೌಚಾಲಯದ ಹಿಂಗೋಡೆಗೆ ಎಸೆದೆ. ಗೋಡೆ ಚೆಂಡನ್ನು ವಾಪಸು ಕೊಡುತ್ತದೆ, ಆದರೆ ನಿನ್ನ ಹಾಗೆ ಬೈಯುವುದಿಲ್ಲ. ನಿಂಗೆ ಊಟಕ್ಕಿಂತ ಪುಸ್ತಿಕೆನೇ ಜಾಸ್ತಿ ಮಾರಾಯ್ತಿ, ಅದ್ಕೇ ಬಾಲಲ್ಲಿ ಜೋರಿಲ್ಲ ಅನ್ನುವುದಿಲ್ಲ.

ಏಳನೆಯ ಇನಿಂಗ್ಸಿನಲ್ಲಿ, ಅಲ್ಲಿಯ ತನಕ ಎಸೆಯುತ್ತಿದ್ದ ಗೀತಾಳ ಕೈ ಸೋತಿತು. ಹುಬ್ಬಳ್ಳಿಯವರ ಎಡಗೈ ಹುಡುಗಿ ಬ್ಯಾಟು ಬೀಸುತ್ತ ಬಂದಳು. ಸರ್ ನನ್ನತ್ತ ಕೈ ಮಾಡಿದರು. ನಾಲ್ಕು ಎಸೆತ. ಮೂರು ಸಲ ಅವಳ ಬ್ಯಾಟು ಗಾಳಿಗೆ ಹೊಡೆಯಿತು. ಔಟ್. ಕೊನೆಯದು ನೀನು ಹೇಳಿಕೊಟ್ಟ ಎಸೆತ, ಗದ್ದೆಗೆ ಬಂದ ಮಂಗನ ತಲೆಯ ಮೇಲಿಂದ ಹೋಗುವಂತೆ ಕಂಡು ಕಾಲ ಹತ್ತಿರ ಬೀಳುವ ಕಲ್ಲಿನ ಎಸೆತ. ಮುಂದಿನವಳು ಬಲಗೈಯವಳು, ಆದ್ದರಿಂದ ನನ್ನನ್ನು ವಾಪಸು ಕರೆದರು. ಬೆಂಚಿಗೆ ಬರುವಾಗ ನಾನು ನಿನ್ನ ಮುಖ ಹುಡುಕಿದೆ. ನಿಜವಾಗಿಯೂ ಹುಡುಕಿದೆ. ಅಲ್ಲಿ ನೀರಿನ ಕ್ಯಾನ್ ಇತ್ತು.

ನಿಮ್ಮ ಮನೆಯ ಆ ಮಹಾಲಯ ಅಮಾವಾಸ್ಯೆಯ ದಿನದ ಬಗ್ಗೆ ಬರೆಯದೆ ಮುಂದೆ ಹೋಗಲಾರೆ.

ನನ್ನ ಎಡಗೈಯ ಕತೆ ನಿನಗೆ ಗೊತ್ತು. ಊಟಕ್ಕೆ ಕೂತಾಗ ಅವ್ವ ಅದನ್ನು ಹಳೆ ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಎಡಗೈಲೆ ಕೊಟ್ರ ಲಕ್ಷ್ಮಿ ಹೊಳ್ಳಿ ಹೋಗ್ತಾಳ ಎನ್ನುತ್ತಿದ್ದಳು. ಹದಿನೇಳು ವರ್ಷ ಬಲಗೈಯವಳಾಗಿ ಬದುಕಿದೆ. ಆಮೇಲೆ ಹಳೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಹತ್ತು ರೂಪಾಯಿಯ ಕಿರುಹೊತ್ತಿಗೆಗಳು ಸಿಕ್ಕವು, ಹುಟ್ಟಿನಿಂದ ಬಂದ ಯಾವುದೂ ಮೈಲಿಗೆಯಲ್ಲ ಎಂದು ಓದಿದೆ. ಊರಿಗೆ, ಬನವಾಸಿಗೆ ಹೋಗಿ ಅವ್ವನನ್ನು ಕೇಳಿದೆ: ಪೂಜೆಯ ಹೊತ್ತಿನಲ್ಲಿ ಇಷ್ಟಲಿಂಗವನ್ನು ಯಾವ ಅಂಗೈಯಲ್ಲಿ ಇಟ್ಟುಕೊಳ್ಳುತ್ತೀ? ಎಡಗೈಯಲ್ಲಿ ತಾನೇ? ಶಿವ ಕೂರುವ ಕೈಯಿಂದ ಉಪ್ಪು ಕೊಟ್ಟರೆ ಕೇಡೇ? ಅವ್ವ ಒಲೆಯ ಕಡೆ ತಿರುಗಿಕೊಂಡಳು. ನಾನು ಗೆದ್ದೆನೆಂದುಕೊಂಡು ಹಾಸ್ಟೆಲಿಗೆ ಬಂದೆ. ಆಮೇಲೆ ಊರಿಗೆ ಹೋದದ್ದು ಕಡಿಮೆ.

ಆದ್ದರಿಂದ ನಿಮ್ಮ ಮನೆಯಲ್ಲಿ ನಡೆದದ್ದು ಇದ್ದಕ್ಕಿದ್ದಂತೆ ಆದದ್ದಲ್ಲ. ನನ್ನ ಮಟ್ಟಿಗೆ ಅದು ತತ್ವ. ಹಿರಿಯರಿಗೆ ಎಡೆ ಇಡುವ ದಿನದ ನಿಮ್ಮ ಮನೆಯ ಕಟ್ಟುಪಾಡು ನನಗೆ ಗೊತ್ತಿರಲಿಲ್ಲ. ನಿನ್ನ ಅಜ್ಜ ಹುಚ್ಚಜ್ಜನ ಹೆಸರಿನ ಬಾಳೆಲೆಗೆ ಮನೆಯವರೆಲ್ಲ ಒಂದೊಂದು ಪದಾರ್ಥ ಹಾಕುತ್ತಿದ್ದರು. ನಾನು ಬಾಗಿಲ ಹತ್ತಿರ ದೂರವೇ ನಿಂತಿದ್ದೆ. ನಿಮ್ಮಮ್ಮ, ನೀನೂ ನಮ್ಮನೆ ಮಗ್ಳೇ ಅಲ್ದನೇ, ಬಾ, ಅಜ್ಜಂಗೆ ಒಂದು ಕಡುಬು ಹಾಕು ಎಂದು ತಟ್ಟೆ ಕೊಟ್ಟರು. ತಟ್ಟೆಯನ್ನು ಬಲಗೈಗೆ ಬದಲಾಯಿಸಿ ಎಡಗೈಯಿಂದ ಕಡುಬು ಹಾಕಿದೆ.

ಯಾರೂ ಕಿರುಚಲಿಲ್ಲ. ಕಿರುಚಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನೇ ಮಾತಾಡಿದೆ. ಅಜ್ಜನೇ ಎಡಚ, ನಿನಗೆ ಕಲ್ಲೆಸೆಯಲು ಕಲಿಸಿದ್ದೇ ಆ ಕೈ, ತನ್ನ ಕೈಯನ್ನೇ ಅವನು ಬೇಡ ಅನ್ನುತ್ತಾನೆಯೇ ಎಂದೆ. ಅವ್ವನ ಬಾಯಿ ಮುಚ್ಚಿಸಿದ ಲಿಂಗದ ಮಾತನ್ನೂ ಹೇಳಿದೆ. ನಿಮ್ಮಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ಅದು ನಿಮ್ಮನೆ ದೇವ್ರು ತಂಗಿ, ಇವ್ರು ನಮ್ಮನೆ ಹಿರೇರು ಎಂದರು. ಆ ಎಲೆಯನ್ನು ತೆಗೆದರು. ಎಲ್ಲ ಹೊಸದಾಗಿ ಮಾಡಬೇಕಾಯಿತು. ಎಡೆಗೆ ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಉಣ್ಣುವ ಹಾಗಿಲ್ಲವಲ್ಲ. ನಿನ್ನ ಅಜ್ಜಿ ಕಲ್ಲವ್ವ ಸಕ್ಕರೆ ಕಾಯಿಲೆಯವರು, ಕಂಬಕ್ಕೆ ಒರಗಿ ಮೂರು ಗಂಟೆಯ ತನಕ ಕಣ್ಣು ಮುಚ್ಚಿ ಕೂತಿದ್ದರು. ನಾನು ಜಗುಲಿಯಲ್ಲಿದ್ದೆ. ನನಗೂ ಹಸಿವಾಗಿತ್ತು, ಹೇಳಲು ನಾಚಿಕೆ. ಎಲ್ಲ ಮುಗಿದ ಮೇಲೆ ನಿಮ್ಮಮ್ಮ ನನಗೂ ಎಲೆ ಹಾಕಿದರು. ಕಡುಬನ್ನೂ ಬಡಿಸಿದರು. 

ಬಸ್ಸು ಹತ್ತುವಾಗ ನೀನು ಹೇಳಿದ್ದು ಒಂದೇ ಮಾತು: ಅಪ್ಪ ಎಡಗೈ ಆಟ ಸಾಕು ಅಂದ್ರು.

ಮುಂದಿನ ಭಾನುವಾರ, ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಟೂರ್ನಿಯ ತಂಡಕ್ಕೆ ಸೆಲೆಕ್ಷನ್. ಸರ್ ಗೋಲ್ ಕಂಬಕ್ಕೆ ಹಳೆ ಟಯರು ಕಟ್ಟಿದರು. ಇಪ್ಪತ್ತು ಎಸೆತದಲ್ಲಿ ಯಾರದು ಹೆಚ್ಚು ಟಯರಿನೊಳಗೆ ಹೋಗುತ್ತದೋ ಎಡಗೈಯ ಜಾಗ ಅವರದು. ಇಬ್ಬರನ್ನೂ ತಗೊಳ್ಳಿ, ಸ್ಪರ್ಧೆ ಎನ್ನುವುದೇ ನಮ್ಮನ್ನು ಒಡೆಯಲು ಮಾಡಿದ್ದು ಎಂದು ನಾನು ಆಗಸ್ಟಿನಲ್ಲಿ ವಾದಿಸಿದಾಗ, ಹದಿನಾರು ಹೆಸರಿಗಿಂತ ಒಂದು ಜಾಸ್ತಿ ಬರೆಯೋ ಹಾಗಿಲ್ಲ, ನಿನ್ನ ಭಾಷಣಕ್ಕೆ ಹದಿನೇಳನೇ ಬನಿಯನ್ ಹೊಲಿಸ್ಲಾ ಅಂದಿದ್ದರಲ್ಲ. ಅಂದು ಅವರು ಹನ್ನೊಂದು ಗಂಟೆಯ ತನಕ ನಿನಗಾಗಿ ಕಾದರು. ರಸ್ತೆಯ ಕಡೆ ಮೂರು ಸಲ ಹೋಗಿ ಬಂದರು. ದಿವ್ಯಾ ಎಲ್ಲಿ ಎಂದು ನನ್ನನ್ನು ಕೇಳಿದರು. ಮನೆಯಲ್ಲಿ ಏನೋ ತೊಂದರೆ ಇರಬೇಕು ಸರ್ ಎಂದೆ.

ಏನೋ ತೊಂದರೆ! ಸುಳ್ಳಲ್ಲದ ಸುಳ್ಳು ಹೇಳುವುದನ್ನು ಯಾವ ಪುಸ್ತಿಕೆ ನನಗೆ ಕಲಿಸಿತ್ತು?

ಒಬ್ಬಳೇ ಇದ್ದುದರಿಂದ ಇಪ್ಪತ್ತು ಎಸೆತವೂ ಬೇಕಾಗಲಿಲ್ಲ. ಹತ್ತಕ್ಕೆ ಸಾಕು ಎಂದರು. ನನ್ನದು ಆರು ಹೋಗಿತ್ತು. ನನ್ನ ಹೆಸರು ಬರೆದುಕೊಂಡರು.

ಹಾಸ್ಟೆಲಿನಲ್ಲಿ ಯಾರೊಂದಿಗೂ ಇದನ್ನು ಹೇಳಿಲ್ಲ. ಹೇಳಲು ಯಾರಿದ್ದಾರೆ? ನಾನು ಬಾಯಿ ತೆರೆದರೆ ಬಂತಪ್ಪಾ ಭಾಷಣ ಎಂದು ಹುಡುಗಿಯರು ಬಕೆಟ್ ಹಿಡಿದು ಎದ್ದು ಹೋಗುತ್ತಾರೆ. ಅವರು ಕೂತಿದ್ದರೂ ಏನು ಹೇಳಲಿ? ಅನ್ಯಾಯದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ, ಆದರೆ ಅದರಲ್ಲಿ ಅನ್ಯಾಯ ಮಾಡಿದವರು ಯಾವಾಗಲೂ ಬೇರೆಯವರು.

ಯಲ್ಲಾಪುರದಿಂದ ಬಂದ ಮರುದಿನ, ನಿನ್ನೆ, ಸದಾಶಿವ ಸರ್ ಮನೆಗೆ ಹೋಗಿ ಅಮಾವಾಸ್ಯೆಯ ವಿಷಯ ಹೇಳಿದೆ. ಅವರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು, ತಲೆ ಎತ್ತಲಿಲ್ಲ. ಕೊನೆಗೆ, ಕೈ ಸರಿ ಇದೆ ಮಹೇಶ್ವರಿ, ಜಾಗ ತಪ್ಪು ಎಂದರು. ಪಟ್ಟಿ ಇನ್ನೂ ಕಳಿಸಿಲ್ಲವಂತೆ. ಬರುವ ಭಾನುವಾರ, ಹತ್ತೊಂಬತ್ತಕ್ಕೆ, ಮತ್ತೆ ಟಯರು ಕಟ್ಟುತ್ತಾರೆ. ಸಂಜೆ ದೀಪಾವಳಿಯ ನೀರು ತುಂಬುವ ಹಬ್ಬವಾದ್ದರಿಂದ ಬೆಳಿಗ್ಗೆ ಎಂಟಕ್ಕೇ ಇಟ್ಟಿದ್ದಾರೆ. ಮೊದಲ ಬಸ್ಸು ಹಿಡಿದರೆ ತಲುಪುತ್ತೀಯ.

ನೀನು ಬರದಿದ್ದರೆ ನಾನೂ ಎಸೆಯುವುದಿಲ್ಲ ಎಂದು ಅವರಿಗೆ ಹೇಳಿ ಬಂದಿದ್ದೇನೆ. ಅದು ನಿನ್ನ ಮೇಲೆ ಹೊರಿಸುವ ಭಾರವಲ್ಲ. ಆಗ ಆ ಜಾಗ ಖಾಲಿ ಇರಲಿ, ಹದಿನೈದು ಜನ ಹೋಗಲಿ. ಗ್ಲೌಸು ನಿನ್ನ ಹತ್ತಿರವೇ ಇರಲಿ. ಇಷ್ಟು ದಿನ ನಾನೊಬ್ಬಳೇ ಅಭ್ಯಾಸ ಮಾಡಿದ್ದೇನೆ, ಇನ್ನು ನಾಲ್ಕು ದಿನ ನೀನು ಮಾಡು.

ಶನಿವಾರ ನಿಮ್ಮ ಮನೆಗೆ ಬರುತ್ತೇನೆ. ಮನೋಹರಣ್ಣನ ಎದುರು ಎಡಗೈ ಮೈಲಿಗೆ ಎಂದು ನಾನು ಒಪ್ಪುವುದಿಲ್ಲ, ಅದನ್ನು ಸಾಯುವ ತನಕ ಒಪ್ಪುವುದಿಲ್ಲ. ಆದರೆ ಹುಚ್ಚಜ್ಜನ ಎಲೆ ನನ್ನ ವಾದದ ಜಾಗವಾಗಿರಲಿಲ್ಲ, ನಿಮ್ಮಮ್ಮ ಮಗಳೆಂದು ಕರೆದು ಕೊಟ್ಟ ತಟ್ಟೆಯನ್ನು ನಾನು ಹಾಗೆ ಬಳಸಬಾರದಿತ್ತು, ಅಜ್ಜಿಯನ್ನು ಉಪವಾಸ ಕೂರಿಸಬಾರದಿತ್ತು ಎಂದು ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಜಗುಲಿಯಿಂದಲೇ ಹೇಳಿ ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತೇನೆ. ಆ ಜಗುಲಿಯಲ್ಲಿ ಕೂತು ನನಗೆ ಅಭ್ಯಾಸವಿದೆ.

ನೀನು ಸಿಟ್ಟಿನಲ್ಲಾದರೂ ಒಂದು ಸಾಲು ಬರೆ. ಬೈದೇ ಬರೆ.

ನಿನ್ನ ಎದುರಿಗೆ ನಿಂತು ಚೆಂಡು ಹಿಡಿಯುತ್ತಿದ್ದ,
ಮಹೇಶ್ವರಿ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ನಿಮ್ಮ ಮನೆಯ ಕಟ್ಟುಪಾಡು ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಸರ್ ಹತ್ತಿರವೂ ಹಾಗೇ ಹೇಳಿದೆ. ಅಮಾವಾಸ್ಯೆಯ ದಿನ ಬೆಳಿಗ್ಗೆ ಬಸ್ಸು ಕಾನಸೂರಿನಲ್ಲಿ ನಿಂತಾಗ ನೀನು ಶೇಂಗಾ ಪೊಟ್ಟಣ ನನ್ನ ಬಲಗೈಗೆ ಕೊಟ್ಟು, ಇವತ್ತೊಂದು ದಿನ ಇದೇ ಕೈ ಮಾರಾಯ್ತಿ, ಎಡೆ ಹತ್ರ ಎಡಗೈ ತಂದ್ರೆ ಅಪ್ಪ ನನ್ನ ಆಟ ಬಿಡಿಸಿಬಿಡ್ತಾರೆ ಎಂದಿದ್ದೆ. ನಾನು ಹೂಂ ಅಂದಿದ್ದೆ. ಅದರ ಹಿಂದಿನ ದಿನ ಅಭ್ಯಾಸದಲ್ಲಿ ಇಪ್ಪತ್ತು ಎಸೆತಕ್ಕೆ ನಿನ್ನದು ಹದಿನಾಲ್ಕು ಟಯರಿನೊಳಗೆ ಹೋಗಿತ್ತು, ನನ್ನದು ಹನ್ನೊಂದು. ಇದನ್ನು ಶನಿವಾರ ನಿಮ್ಮಪ್ಪನಿಗೂ ಭಾನುವಾರ ಸರ್‌ಗೂ ಹೇಳುತ್ತೇನೆ, ನೀನು ಬಂದರೂ, ಬರದಿದ್ದರೂ.