ಭಾರ ಎತ್ತಿದವಳ ಹೆಸರು

ಪ್ರೀತಿಯ ಅಪ್ಪನಿಗೆ,

ಮೊನ್ನೆ ಬೆಳಿಗ್ಗೆ ನನಗೆ ಹೆಣ್ಣುಮಗು ಹುಟ್ಟಿತು. ದಿನ ತುಂಬುವ ಮೊದಲೇ ಬಂದಿದ್ದಾಳೆ, ತೂಕ ಒಂದೂವರೆ ಕಿಲೋ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಗಾಬರಿ ಬೀಳಬೇಡಿ, ನಿನ್ನೆಯಿಂದ ತಾನೇ ಉಸಿರಾಡುತ್ತಿದ್ದಾಳೆ.

ನಿಮ್ಮ ಗ್ಯಾರೇಜಿನ ಟಿವಿಯಲ್ಲಿ ನೋಡಿ ಮೆಚ್ಚಿದ, ದೂರದೇಶದ ಭಾರ ಎತ್ತುವ ಚಾಂಪಿಯನ್ ಹೆಸರನ್ನೇ ನೀವು ನನಗಿಟ್ಟಿರಿ. ಶಾಲೆಯಲ್ಲಿ ಎಲ್ಲರೂ ನಗುತ್ತಿದ್ದರು. ಹದಿನೆಂಟು ತುಂಬಿದ ಕೂಡಲೇ ನಿಮಗೆ ಹೇಳದೆ ಹೆಸರು ಬದಲಾಯಿಸಿಕೊಂಡೆ. ನೀವು ಬೈಯಲಿಲ್ಲ. ಅಂದಿನಿಂದ ಬರೀ ‘ಮಗಳೇ’ ಎಂದು ಕರೆದಿರಿ. ಹೊಸ ಹೆಸರು ನಿಮ್ಮ ಬಾಯಿಗೆ ಬರಲೇ ಇಲ್ಲ.

ಇಂದು ನರ್ಸಮ್ಮ ಮಗುವಿನ ಕಾಲಿಗೆ ಗುರುತಿನ ಪಟ್ಟಿ ಕಟ್ಟುತ್ತಾ, “ಹೆಸರೇನಾದ್ರೂ ಯೋಚ್ನೆ ಮಾಡಿದೀರಾ?” ಎಂದರು. ಯೋಚಿಸಿರಲಿಲ್ಲ. ನೀವು ನನಗಿಟ್ಟ ಹೆಸರೇ ತಟ್ಟನೆ ಬಾಯಿಗೆ ಬಂತು.

“ಅಯ್ಯೋ, ಇಷ್ಟು ಪುಟ್ಟ ಕೂಸಿಗೆ ಅಷ್ಟುದ್ದ ಹೆಸರಾ? ನಾಲಿಗೇನೇ ಹೊರಳಲ್ಲ ಕಣಮ್ಮ!” ಎಂದು ನಕ್ಕರು.

“ಹೊರಳೋವರೆಗೂ ಹೇಳಿ,” ಎಂದೆ.

ಅಪ್ಪಾ, ಜನನ ಪತ್ರದ ಅರ್ಜಿಯಲ್ಲಿ ಆ ಹೆಸರನ್ನು ನೀವೇ ಬರೆಯಬೇಕು. ಆಸ್ಪತ್ರೆಯಲ್ಲಿ ಸಂಜೆ ನಾಲ್ಕರಿಂದ ಐದರವರೆಗೆ ಒಳಗೆ ಬಿಡುತ್ತಾರೆ. ಕೈಯ ಗ್ರೀಸೆಲ್ಲ ಹೋಗುವಂತೆ ತೊಳೆದುಕೊಂಡು ಬನ್ನಿ. ಪೆಟ್ಟಿಗೆಯ ಕಿಂಡಿಯಲ್ಲಿ ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ, ಬಿಡುವುದೇ ಇಲ್ಲ.

ನಿಮ್ಮ ದಾರಿ ಕಾಯುತ್ತಿರುವ
ಮಗಳು