ಸ್ಟ್ರೆಚರಿಗೆ ಬಿಟ್ಟ ಜಾಗ

ಎಕ್ಸ್‌ರೇ ವಿಭಾಗದ ಹಿಂದಿನ ಕೋಣೆ
ಭಾನುವಾರ ಮಧ್ಯಾಹ್ನ

ನನ್ನ ಗುಮ್ಮಿಗೆ,

ನೀನು ನನಗೆ ಏನಾಗಬೇಕು ಎಂದು ನಿನ್ನೆ ವಿಚಾರಣೆಯಲ್ಲಿ ಸೂಪರಿಂಟೆಂಡೆಂಟ್ ಕೇಳಿದರು. ನಾದಿನಿ ಎಂದೆ. ಗಂಡನನ್ನೇ ಬಿಟ್ಟ ಮೇಲೆ ನಾದಿನಿ ಎಲ್ಲಿಂದ ಬಂದಳು ಎಂದರು. ಗಂಡನನ್ನು ಬಿಟ್ಟಿದ್ದೇನೆ, ನಾದಿನಿಯನ್ನು ಬಿಟ್ಟಿಲ್ಲ, ಬರೆದುಕೊಳ್ಳಿ ಎಂದೆ. ಬರೆದುಕೊಂಡರು.

ಉಳಿದದ್ದನ್ನು ಹೇಳುವ ಮೊದಲು ನಿನ್ನನ್ನು ಹೊಗಳಬೇಕು. ಘೋಷಣೆ ಕೂಗಿ ಕೂಗಿ ಒಡೆದ ಗಂಟಲು ಇದು, ಹೊಗಳಿ ಅಭ್ಯಾಸವಿಲ್ಲ, ಒರಟಾದರೆ ಸಹಿಸಿಕೋ. ನಡುವೆ ಬಾಯಿ ಹಾಕಬೇಡ ಎಂದು ನಿನಗೆ ಹೇಳಬೇಕಾಗಿಲ್ಲ. ಮನೆಯವರೆಲ್ಲ ಗುಮ್ಮನಗುಸುಕಿ ಎಂದು ಕರೆದು ಕರೆದು, ಅದು ಸವೆದು ನೀನು ಗುಮ್ಮಿಯಾದದ್ದೇ ಬಾಯಿ ಬಿಡದ್ದಕ್ಕೆ.

ಆ ದಿನ ನಡೆದದ್ದು ನಿನಗೆ ಗೊತ್ತು. ಬೈಕಿನಿಂದ ಬಿದ್ದ ಒಬ್ಬ ಮನುಷ್ಯ ಆಪರೇಷನ್ ಟೇಬಲ್ ಮೇಲಿದ್ದ. ಅವನ ಕಾಲಿನ ಹಳೆಯ ಎಕ್ಸ್‌ರೇ ಬೇಕು ಎಂದು ಸರ್ಜನ್ ಕೇಳಿದರು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಕಾದು ಬೇಸತ್ತು ಸರ್ಜನ್ ಚಿತ್ರವಿಲ್ಲದೆಯೇ ಕೈ ಹಾಕಿದರು. ಮೂಳೆಯೊಳಗೆ ಹಿಂದೆಂದೋ ಕೂರಿಸಿದ್ದ ಲೋಹದ ಸಲಾಕೆ ಬಾಗಿ ಕೂತಿತ್ತು. ಅದು ಬಾಗಿರುವುದು ಯಾರಿಗೂ ಗೊತ್ತಿರಲಿಲ್ಲ. ಜೀವ ಉಳಿಯಿತು, ಮಂಡಿ ಮಡಚದಂತಾಯಿತು. ವಾರದೊಳಗೆ ನನ್ನ ಕೈಗೆ ಮೆಮೊ ಬಂತು: ತಂತ್ರಜ್ಞೆ ಚಿತ್ರವನ್ನು ಬೇಕೆಂದೇ ತಡೆಹಿಡಿದಿದ್ದಾಳೆ, ಕೆಲಸದಿಂದ ಯಾಕೆ ತೆಗೆಯಬಾರದು?

ಅಜಾಗರೂಕತೆ ಅಂದಿದ್ದರೆ ಸರಿ, 'ಬೇಕೆಂದೇ' ಅಂತ ಯಾಕೆ ಬರೆದರು ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಸೂಪರಿಂಟೆಂಡೆಂಟರ ಕಿಟಕಿಯ ಕೆಳಗೆ ನಿಂತು ಧಿಕ್ಕಾರ ಕೂಗುವವಳ ಬಗ್ಗೆ ಇನ್ನೇನು ಬರೆಯುತ್ತಾರೆ ಎಂದೆ. ನೀನು ನಂಬಿದೆ.

ಆಮೇಲೆ ನೀನೇ ಬಂದೆ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ, ಅದರಲ್ಲಿ ಡಿಸ್ಕುಗಳನ್ನು ಓಡಿಸುವ, ಡ್ರೈವರ್ ಎಂಬ ಪ್ರೋಗ್ರಾಮ್ ಬರೆಯುವವಳು ನನ್ನ ನಾದಿನಿ ಎಂದು ನಾನು ಊರೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ಆದರೆ ನೀನು ಕೆಲಸ ಮಾಡುವುದನ್ನು ನೋಡಿರಲಿಲ್ಲ. ನೀನು ಸೀಸದ ಪರದೆಯ ಹಿಂದಿನ ಸ್ಟೂಲಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತೆ. ಚಹಾ ತಂದುಕೊಟ್ಟರೆ ಆರಲು ಬಿಟ್ಟೆ. ಮಧ್ಯಾಹ್ನ ಎಲ್ಲ ವಾರ್ಡುಗಳ ಹೊಸ ಚಿತ್ರಗಳನ್ನು ಹಳೆಯವಿರುವ ಡಿಸ್ಕಿಗೇ ನಕಲು ಮಾಡುವ ಕೆಲಸ ಶುರುವಾಯಿತಲ್ಲ, ಆಗ ನೀನು ಆ ಡಿಸ್ಕಿರುವ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ, ಮಗುವಿನ ಜ್ವರ ನೋಡುವವರ ಹಾಗೆ. ಇಷ್ಟು ವರ್ಷ ಆ ಪೆಟ್ಟಿಗೆಯ ಕಟಕಟ ನನಗೆ ಬರೀ ಸದ್ದಾಗಿತ್ತು. ನಿನಗೆ ಅದು ಸಾಲಿನಲ್ಲಿ ನಿಂತವರ ದೂರಿನ ಹಾಗೆ ಕೇಳಿಸಿತು.

ನನ್ನಂಥ ದಡ್ಡಿಗೂ ಅರ್ಥವಾಗಲಿ ಎಂದು ಲಿಫ್ಟಿನ ಮುಂದೆ ಕರೆದುಕೊಂಡು ಹೋದೆ. ಲಾಂಡ್ರಿ ಗಾಡಿಗಳು ಒಂದರ ಹಿಂದೊಂದು ಒಳಗೆ ನುಗ್ಗುತ್ತಿದ್ದವು, ಹೊರಗೆ ಒಂದು ಸ್ಟ್ರೆಚರ್ ನಿಂತಿತ್ತು. ಡಿಸ್ಕಿನ ಓದುವ ತೋಳೂ ಹೀಗೆಯೇ, ಹತ್ತಿರ ಸಿಕ್ಕವರನ್ನು ಹತ್ತಿಸಿಕೊಂಡು ಹೋಗುತ್ತದೆ, ದೂರದವರನ್ನು ಆಮೇಲೆ ನೋಡೋಣ ಅನ್ನುತ್ತದೆ. ಯಾರು ಯಾವಾಗ ಹತ್ತಬೇಕೆಂದು ಹೇಳುವುದು ಕರ್ನಲ್ಲಿನ ಕೆಲಸ. ಆದರೆ ಡ್ರೈವರ್ ಇಡೀ ನಕಲು ಕೆಲಸವನ್ನು ಒಂದೇ ಸಲ ಡಿಸ್ಕಿನ ಒಳಗೆ ತುಂಬಿಬಿಡುತ್ತಿದೆ. ಬಾಗಿಲು ಮುಚ್ಚಿದ ಮೇಲೆ ಯಾರನ್ನೂ ಕೆಳಗಿಳಿಸಲಾಗದು. ಆ ದಿನ ಸರ್ಜನ್ ಕೇಳಿದ ಒಂದೇ ಒಂದು ಚಿತ್ರ ಹೊರಗೆ ನಿಂತೇ ಇತ್ತು. ಇಷ್ಟನ್ನೂ ನೀನೇ ಬಿಡಿಸಿ ಹೇಳಿದೆ. ಆ ಡ್ರೈವರ್ ಬರೆದ ಪುಣ್ಯಾತ್ಮ ಯಾರು, ಅವನ ಮನೆ ಮುಂದೆ ಧರಣಿ ಕೂರುತ್ತೇನೆ ಎಂದು ನಾನು ಹಾರಾಡಿದೆ.

"ಕೂತ್ಕೊಳ್ಳಿ ಅತ್ತಿಗೆ. ಬರೆದೋಳು ನಾನೇ."

ಗುಮ್ಮಿ, ನಾನು ಮಂತ್ರಿಗಳನ್ನು ಘೇರಾವ್ ಮಾಡಿದವಳು. ತಪ್ಪು ಒಪ್ಪಿಕೊಂಡ ಒಬ್ಬನನ್ನೂ ಕಂಡಿಲ್ಲ. ಸಿಕ್ಕಿಬಿದ್ದವರು ಜಾರಿಕೊಂಡಿದ್ದಾರೆ, ಜಾರಲಾಗದವರು ಸಮಿತಿ ನೇಮಿಸಿದ್ದಾರೆ. ನೀನು ಯಾರೂ ಕೇಳದೆ, ನಿಂತಲ್ಲೇ, ಲಾಂಡ್ರಿ ಗಾಡಿಯೊಂದಕ್ಕೆ ದಾರಿ ಬಿಡುತ್ತ ಒಪ್ಪಿಕೊಂಡೆ. ಆ ಡ್ರೈವರ್ ಬರೆದದ್ದಕ್ಕೇ ನಿನಗೆ ಹೆಸರು ಬಂದದ್ದು, ವೇದಿಕೆ ಹತ್ತಿಸಿ ಚಪ್ಪಾಳೆ ತಟ್ಟಿಸಿದ್ದು. ಅದನ್ನೇ ಬಿಚ್ಚಲು ಹೊರಟೆ.

ಮತ್ತೆ ಹೊಲಿದದ್ದು ಸಣ್ಣದು, ನೀನೇ ಹೇಳಿದಂತೆ. ಡಿಸ್ಕಿನ ಒಳಗಿನ ಸಾಲಿನಲ್ಲಿ ಬರೆಯುವ ಕೆಲಸ ಎಷ್ಟೇ ಒತ್ತಿ ನಿಂತರೂ, ಓದಲು ಬರುವವರಿಗೆ ಒಂದಿಷ್ಟು ಜಾಗ ಖಾಲಿ ಉಳಿಯಬೇಕು. ಯಾವ ಕೋರಿಕೆಯಾಗಲಿ ಇಂತಿಷ್ಟು ಹೊತ್ತಿಗಿಂತ ಹೆಚ್ಚು ಕಾಯುವಂತಿಲ್ಲ; ಮಿತಿ ಮೀರಿತೋ, ತೋಳು ಹತ್ತಿರದ ಕೆಲಸ ಬಿಟ್ಟು ಅಲ್ಲಿಗೇ ಹೋಗಬೇಕು. ಇದರಿಂದ ನಕಲು ಕೆಲಸ ಕೊಂಚ ನಿಧಾನವಾಗುತ್ತದೆ. ಅಷ್ಟಕ್ಕೇ ಎಂಥ ರಾದ್ಧಾಂತ! ದೇಶವಿದೇಶದ ಕರ್ನಲ್ ಪಂಡಿತರು ಅವರ ಬಹಿರಂಗ ಚರ್ಚೆಯಲ್ಲಿ ನಿನ್ನ ಮೇಲೆ ಹರಿಹಾಯ್ದದ್ದನ್ನು ಎಲ್ಲ ಓದಿದ್ದೇನೆ, ಅರ್ಧ ತಿಳಿಯದಿದ್ದರೂ. ಸರಾಸರಿ ವೇಗ ಇಳಿಯುತ್ತದೆ ಎಂದರು. ಸರಾಸರಿ! ನಮ್ಮ ಆಸ್ಪತ್ರೆಯಲ್ಲೂ ಸರಾಸರಿ ರೋಗಿ ಆರೋಗ್ಯವಾಗಿಯೇ ಇದ್ದಾನೆ. ಕಾದು ಸತ್ತವನನ್ನು ಮುಚ್ಚಿಡಲು ಅಧಿಕಾರದವರು ಹೊದಿಸುವ ಬಿಳಿ ಬಟ್ಟೆ ಅದು.

ಕೊನೆಗೆ ಅವರ ಮುಖ್ಯಸ್ಥ ರಾಜಿಗೆ ಬಂದ. ನಿನ್ನ ತಿದ್ದುಪಡಿ ಸೇರಿಸುತ್ತೇವೆ, ಆದರೆ ಸ್ವಿಚ್ ಆಫ್ ಆಗಿರುತ್ತದೆ. ಬೇಕಾದವರು ಆನ್ ಮಾಡಿಕೊಳ್ಳಲಿ ಎಂದ. ನಮ್ಮ ಚಳವಳಿಗಳನ್ನು ಮುಗಿಸಿದ್ದು ಲಾಠಿಯಲ್ಲ, ಇಂಥದೇ ಮಾತು. ಬೇಕಾದವರು ಅರ್ಜಿ ಹಾಕಲಿ! ನೀನೂ ದಣಿದಿದ್ದೆ. ಒಪ್ಪಿಕೊಂಡಿದ್ದರೆ ಯಾರೂ ನಿನ್ನನ್ನು ದೂರುತ್ತಿರಲಿಲ್ಲ, ನಾನೂ ಸಹ. ನೀನು ಉತ್ತರಿಸಿದ್ದು ಒಂದೇ ಸಾಲು: ಕಾಯುತ್ತಿರುವವರಿಗೆ ಇಂಥದೊಂದು ಸ್ವಿಚ್ ಇದೆಯೆಂದೇ ಗೊತ್ತಿರುವುದಿಲ್ಲ, ಆದ್ದರಿಂದ ಅದು ಆನ್ ಆಗಿಯೇ ಹುಟ್ಟಬೇಕು. ಅದರ ಕೆಳಗೆ, ಕಾದವರಲ್ಲಿ ಅತಿ ಹೆಚ್ಚು ಕಾದವನ ಲೆಕ್ಕ ಇಟ್ಟೆ, ಮೊದಲಿನದೂ, ಈಗಿನದೂ. ಪಂಡಿತರು ತಮ್ಮ ತಮ್ಮ ಯಂತ್ರಗಳಲ್ಲಿ ಅಳೆದು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಒಪ್ಪಿಗೆ ಬರೆದರು. ಸ್ವಿಚ್ ಆನ್ ಆಗಿಯೇ ಹುಟ್ಟಿತು.

ನಮ್ಮ ಪೆಟ್ಟಿಗೆಗೆ ಹೊಸ ಕರ್ನಲ್ ಹಾಕಿದ ಮಧ್ಯಾಹ್ನ, ನಕಲು ಭರದಿಂದ ನಡೆಯುತ್ತಿರುವಾಗಲೇ ನಾನು ಗುಂಡಿ ಒತ್ತಿದೆ. ಚಕ್ರ ಸುತ್ತಲು ಮನಸ್ಸು ಮಾಡುವಷ್ಟರಲ್ಲಿ ಚಿತ್ರ ಬಂತು. ಆ ಸಂತೋಷಕ್ಕೆ ವಾರ್ಡಿನ ಆಯಾ ಲಿಫ್ಟಿನೊಳಗೆ ಹಳದಿ ಬಣ್ಣದಲ್ಲಿ ಸ್ಟ್ರೆಚರ್ ಅಳತೆಯ ಚೌಕ ಬರೆದಿದ್ದಾಳೆ. ಲಾಂಡ್ರಿಯವನು ಅದರ ಮೇಲೆ ಗಾಡಿ ನಿಲ್ಲಿಸಿದರೆ ಅವನ ಗತಿ ಕೇಳಬೇಡ.

ನಿನ್ನೆ ವಿಚಾರಣೆಯಲ್ಲಿ ತಿದ್ದುಪಡಿಯ ಜೊತೆ ನೀನು ಬರೆದ ಟಿಪ್ಪಣಿಯ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಮೊದಲ ಸಾಲನ್ನು ಸೂಪರಿಂಟೆಂಡೆಂಟರಿಂದಲೇ ಗಟ್ಟಿಯಾಗಿ ಓದಿಸಿದೆ: ಈ ಸಾಲನ್ನು ಹೀಗೆ ಕಟ್ಟಿದವಳು ನಾನೇ, ಒಟ್ಟು ವೇಗ ಅಳೆದೆ, ಕಾದವರನ್ನು ಅಳೆಯಲಿಲ್ಲ. ಓದಿ ಕನ್ನಡಕ ತೆಗೆದರು. ಮೆಮೊ ವಾಪಸಾಯಿತು. ಕೆಲಸ ಉಳಿಯಿತು. ನಾಳೆಯಿಂದ ಮತ್ತೆ ಅವರ ಕಿಟಕಿಯ ಕೆಳಗೇ ನಿಲ್ಲುತ್ತೇನೆ, ಬೇರೆ ಬೇಡಿಕೆಗಳಿವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಯಾವ ಕೋರ್ಟೂ ಬಿಡಿಸಲಾರದ
ನಿನ್ನ ಅತ್ತಿಗೆ

ಮರೆತು ಬಿಟ್ಟದ್ದಲ್ಲ, ಮುಚ್ಚಿಟ್ಟದ್ದು: ಆ ಕಾಲು ನಿನ್ನ ಅಣ್ಣನದು. 'ಬೇಕೆಂದೇ' ಎಂದು ದೂರು ಬರೆದುಕೊಟ್ಟವನೂ ಅವನೇ. ಬಿಟ್ಟು ಬಂದ ಹೆಂಡತಿ ಸೇಡು ತೀರಿಸಿಕೊಂಡಳು ಎಂದು ನಂಬಿದ್ದ. ನಾನು ಬಿಟ್ಟು ಬಂದಾಗ ನನ್ನ ಪರ ನಿಂತೆಯೆಂದು ಅವನು ನಿನ್ನೊಡನೆ ಮಾತು ಬಿಟ್ಟದ್ದರಿಂದ ನಿನಗೆ ಸುದ್ದಿ ತಲುಪಲಿಲ್ಲ. ನಾನೂ ಹೇಳಲಿಲ್ಲ. ನೀನು ಯಂತ್ರವನ್ನು ನೋಡಬೇಕಿತ್ತು, ಅಣ್ಣನನ್ನಲ್ಲ, ಅತ್ತಿಗೆಯನ್ನೂ ಅಲ್ಲ. ತಪ್ಪು ನನ್ನದೇ ಆಗಿದ್ದರೆ ಅದನ್ನೂ ನಿನ್ನ ಬಾಯಿಂದಲೇ ಕೇಳಬೇಕೆಂದಿದ್ದೆ. ಸೂಪರಿಂಟೆಂಡೆಂಟ್ ನೀನು ಏನಾಗಬೇಕು ಎಂದು ಕೇಳಿದ್ದೂ ಅದಕ್ಕೇ, ನೀನು ಯಾರದೋ ಪರ ವಹಿಸಿರಬಹುದೆಂದು. ಕಾಲು ಯಾರದೆಂದು ಅವಳಿಗೆ ಇನ್ನೂ ಗೊತ್ತಿಲ್ಲ ಎಂದೆ. ಮೂಲೆಯಲ್ಲಿ ಊರುಗೋಲು ಹಿಡಿದು ಕೂತಿದ್ದವನು ಎದ್ದು ನಿಂತ. "ದೂರು ವಾಪಸ್ ತಗೋತೀನಿ ಸಾರ್. ಅವ್ಳು ನನ್ ತಂಗಿ. ತಪ್ಪು ಮಾಡಿದ್ರೆ ತನ್ನನ್ನೇ ಬಿಡಲ್ಲ, ಇನ್ನು ಇವ್ಳನ್ನ ಬಿಡ್ತಾಳಾ?" ಎಂದ. ಹೊರಗೆ ಬಂದು ನಿನ್ನ ವಿಳಾಸ ಕೇಳಿದ. ನಿನ್ನನ್ನು ಕೇಳದೆ ಕೊಡುವುದಿಲ್ಲ, ಕಾಯಿ ಎಂದಿದ್ದೇನೆ. ಎಷ್ಟು ಹೊತ್ತು ಕಾಯಿಸಬಹುದು ಎಂಬುದಕ್ಕೆ ಮಿತಿ ಹಾಕಿದವಳು ನೀನೇ.